ನೀರಿಗೆ ಅಂಜದ ಶಾಯಿ

ಸುಮನ್ ಗುತ್ತಲ ತಿಳವಳ್ಳಿಗೆ ನರ್ಸಾಗಿ ಬಂದು ೧೯೭೯ಕ್ಕೆ ಮೂರು ವರ್ಷ ತುಂಬಿತ್ತು. ಸವಣೂರಿನ ಆಚಾರ್ಯರ ಮನೆತನದ ಹುಡುಗಿ. ತಂದೆ ನರಸಿಂಹಾಚಾರ್ಯರು ಮನೆಯಲ್ಲಿದ್ದ ಹಳೆಯ ಸಂಸ್ಕೃತ ಪೋಥಿಗಳನ್ನು ನಕಲು ಮಾಡುತ್ತಲೇ ಅರ್ಧ ಆಯುಷ್ಯ ಕಳೆದವರು. ಮಗಳು ನರ್ಸಿಂಗ್ ಕಲಿಯಲು ಹುಬ್ಬಳ್ಳಿಗೆ ಹೋಗುತ್ತೇನೆ ಎಂದಾಗ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಯಲವಿಗಿ ಸ್ಟೇಷನ್ನಿಗೆ ಬಂದು ರೈಲು ಹತ್ತಿಸಿ, ಕಿಟಕಿಯಿಂದ ಒಂದು ಪೆನ್ನು ಕೊಟ್ಟು, "ಎಲ್ಲೇ ಇರು, ಏನೇ ಮಾಡು. ಬರದದ್ದು ಮಾತ್ರ ಇನ್ನೊಬ್ಬರಿಗೆ ಓದ್ಲಿಕ್ಕೆ ಬರಬೇಕು" ಎಂದಿದ್ದರು.

ಅವಳ ಅಕ್ಷರ ದುಂಡಗೆ, ಬಿಡಿಬಿಡಿಯಾಗಿ ಇರುತ್ತಿತ್ತು. ತಿಳವಳ್ಳಿಯಲ್ಲಿ ಅದರ ಬಹುಭಾಗ ಬಸುರಿಯರ ಕಾರ್ಡುಗಳ ಮೇಲೆ ಖರ್ಚಾಗುತ್ತಿತ್ತು. ದಪ್ಪ ಕಾಗದದ, ನಡುವೆ ಮಡಚುವ ಕಾರ್ಡು. ಹೆಸರು, ಊರು, ಎಷ್ಟನೆಯ ತಿಂಗಳು, ಯಾವ ಇಂಜೆಕ್ಷನ್ ಯಾವಾಗ, ರಕ್ತ ಎಷ್ಟಿದೆ, ಕೊನೆಯಲ್ಲಿ ವಿಶೇಷ ಸೂಚನೆಗೆಂದು ನಾಲ್ಕು ಗೆರೆ. ಇದೇ ವಿವರ ಅವಳ ರಜಿಸ್ಟರಿನಲ್ಲೂ ಇರುತ್ತಿತ್ತು. ಆದರೆ ರಜಿಸ್ಟರು ಕಪಾಟಿನಲ್ಲಿ ಕೂತಿರುತ್ತಿತ್ತು, ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುತ್ತಿದ್ದರು. ಒಬ್ಬಳು ಶಿಗ್ಗಾವಿ ಕಡೆಗೆ, ಒಬ್ಬಳು ಹಿರೇಕೆರೂರ ಕಡೆಗೆ, ಮತ್ತೊಬ್ಬಳು ಸವಣೂರ ದಾಟಿ. ಅವರ ಜೊತೆ ಹೋಗುವುದು ಕಾರ್ಡು ಒಂದೇ. ಅಲ್ಲಿಯ ನರ್ಸಿಗೆ ತಿಳಿಯಬೇಕಾದದ್ದೆಲ್ಲ ಅದರಿಂದಲೇ ತಿಳಿಯಬೇಕು.

೧೯೭೯ರ ಫೆಬ್ರವರಿಯ ಒಂದು ಗುರುವಾರ ದುರಗವ್ವ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದಳು. ದುರಗವ್ವ ಊರಿನ ಹಿರಿಯ ಸೂಲಗಿತ್ತಿ. ಸುಮನ್ ಬಂದ ಹೊಸದರಲ್ಲಿ ಆರು ತಿಂಗಳು ಇವಳ ಮುಖ ನೋಡದೆ ಓಡಾಡಿದವಳು. ಆಮೇಲೊಮ್ಮೆ ಕಾಲು ಮುಂದಾಗಿ ಬಂದ ಕೂಸನ್ನು ಇಬ್ಬರೂ ಸೇರಿ ಉಳಿಸಿದ ಮೇಲೆ, ಪ್ರತಿ ಗುರುವಾರ ಇಂಜೆಕ್ಷನ್ನಿನ ದಿನ ಬಂದು ಬಾಗಿಲ ಮೆಟ್ಟಿಲ ಮೇಲೆ ಎಲೆಸಂಚಿ ಬಿಚ್ಚಿಕೊಂಡು ಕೂಡುತ್ತಿದ್ದಳು. ಅವಳ ಹಿಂದೆ ಬಂದ ಹುಡುಗಿ ಅನ್ನವ್ವ, ಭತ್ತದ ಗದ್ದೆಯ ಹೊಳಬಸಪ್ಪನ ಹೆಂಡತಿ. ನಾಲ್ಕು ತಿಂಗಳ ಹಿಂದೆ ತವರೂರು ತಡಸದಲ್ಲಿ ಹೆತ್ತು, ಈಗ ಕೂಸಿನ ಜೊತೆ ಗಂಡನ ಮನೆಗೆ ಮರಳಿದ್ದಳು.

ಸುಮನ್ ಅವಳ ಕಣ್ಣ ಕೆಳಗಿನ ರೆಪ್ಪೆ ಜಗ್ಗಿ ನೋಡಿದಳು. ಉಗುರು ನೋಡಿದಳು. ಎಲ್ಲ ಬಿಳಿಚಿಕೊಂಡಿತ್ತು.

"ಹೆರಿಗಿ ಎಲ್ಲಿ ಆತು ಅನ್ನವ್ವ?"

"ಮನ್ಯಾಗರೀ."

"ಮನ್ಯಾಗ? ಮನ್ಯಾಗ ಮಾಡಸಬ್ಯಾಡ್ರಿ, ದವಾಖಾನಿಗೆ ಒಯ್ಯಿರಿ ಅಂತ ನಾ ಕಾರ್ಡಿನ್ಯಾಗ ಬರದಿದ್ನೆಲ್ಲ. ನಿನಗ ರಕ್ತ ಭಾಳ ಕಡಿಮಿ ಇತ್ತು."

ಅನ್ನವ್ವ ಸೆರಗಿನ ಗಂಟು ಬಿಚ್ಚಿ ಕಾರ್ಡು ತೆಗೆದು ಕೊಟ್ಟಳು. ಸುಮನ್ ತೆರೆದಳು. ಅಚ್ಚಾದ ಗೆರೆಗಳು, ಅಚ್ಚಾದ ಶಬ್ದಗಳು ಹಾಗೇ ಇದ್ದವು. ಅವುಗಳ ನಡುವೆ ಅವಳು ಬರೆದದ್ದು ಒಂದಕ್ಷರವೂ ಇರಲಿಲ್ಲ. ಕಾರ್ಡಿನ ತುಂಬ ತಿಳಿನೀಲಿ ಕಲೆ ಹರಡಿತ್ತು.

ನಾಟಿಯ ಕಾಲದಲ್ಲಿ ಕಾರ್ಡು ಅನ್ನವ್ವನ ಸೊಂಟದಲ್ಲಿತ್ತು. ಮನೆಯಲ್ಲಿಟ್ಟರೆ ಕಳೆದೀತು ಎಂದು ಅವಳು ಮೈಮೇಲೇ ಇಟ್ಟುಕೊಂಡಿದ್ದಳು. ಆಮೇಲೆ ತಡಸಕ್ಕೆ ಹೋಗುವಾಗ ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಮಳೆ ಹಿಡಿದಿತ್ತು. ನೋವು ಶುರುವಾದ ದಿನ ಅಲ್ಲಿಯ ನರ್ಸಬಾಯಿ ಮನೆಗೆ ಬಂದು ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡಿದ್ದರು.

"ಇದರಾಗ ಏನ ಬರದಿದ್ರವಾ ಅಂತ ಕೇಳಿದ್ರು. ನನಗೇನ ಗೊತ್ರಿ, ನಮ್ಮೂರ ಬಾಯಾರು ಭಾಳ ಛಂದ ಬರದಿದ್ರು ಅಂದೆ."

ಕೂಸು ಹುಟ್ಟಿದ ಮೇಲೆ ರಕ್ತ ನಿಲ್ಲಲಿಲ್ಲ. ಟ್ರ್ಯಾಕ್ಟರಿನಲ್ಲಿ ಮಲಗಿಸಿ ಹುಬ್ಬಳ್ಳಿಗೆ ಒಯ್ದರು. ಮೂರು ವಾರ ಅಲ್ಲಿದ್ದಳು. ಹೇಗೋ ಉಳಿದಳು.

ಸುಮನ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನಿಬ್ಬು ಒತ್ತಿದ ಗುರುತೂ ಉಳಿದಿರಲಿಲ್ಲ.

"ಆಕಿ ಮ್ಯಾಲ ಸಿಟ್ಟಾಗಬ್ಯಾಡ್ರಿ ಬಾಯಾರ," ಎಂದಳು ದುರಗವ್ವ. "ಜ್ವಾಕಿಲೇ ಇಟಗೊಂಡಿದ್ಲು, ಪಾಪ."

"ಆಕಿ ಮ್ಯಾಲ ಯಾಕ ಸಿಟ್ಟಾಗ್ಲಿ ದುರಗವ್ವ? ತಪ್ಪು ಶಾಯಿದು. ಮತ್ತ ಅದನ್ನ ಸುಮ್ಮನ ಪೆನ್ನಿನ್ಯಾಗ ತುಂಬಿದ ನಂದು."

ಆ ತಿಂಗಳು ಮೇಲಿನ ಕಚೇರಿಯಲ್ಲಿ ನಡೆದ ನರ್ಸುಗಳ ಮೀಟಿಂಗಿನಲ್ಲಿ ಅವಳು ವಿಷಯ ಎತ್ತಿದಳು. ಕಾರ್ಡು ಜೋಪಾನವಾಗಿಡಲು ಹೆಣ್ಣುಮಕ್ಕಳಿಗೆ ತಿಳಿಹೇಳಬೇಕು ಎಂದರು ಡಾಕ್ಟರು. ಕೆಟ್ಟ ಮನುಷ್ಯರೇನಲ್ಲ, ಮಾತು ಮುಗಿಸುವ ಅವಸರದಲ್ಲಿದ್ದರು.

"ಸರ, ಅವರು ನೀರಾಗ ನಿಂತು ಕೆಲಸ ಮಾಡ್ತಾರ," ಎಂದಳು ಸುಮನ್. "ನೀರು ಬಿಡ್ರಿ ಅಂತ ಹೇಳ್ಲಿಕ್ಕೆ ಬರೂದಿಲ್ಲ. ಶಾಯಿ ಬಿಡೂದು ಸಸಾರ. ಬ್ಯಾರೆ ಶಾಯಿ ನಾ ಹುಡುಕ್ತೇನಿ."

ಯಾರೋ ನಕ್ಕರು. ಡಾಕ್ಟರು ಹುಡುಕಿ ಎಂದರು.

ಆವರೆಗೆ ಅವಳು ಬರೆಯುತ್ತಿದ್ದದ್ದು ಮೇಲಿನ ಕಚೇರಿಯಿಂದ ಬರುವ ಮಾತ್ರೆ ಶಾಯಿಯಲ್ಲಿ. ಬಟಾಣಿ ಗಾತ್ರದ ಮಾತ್ರೆಯನ್ನು ನೀರಲ್ಲಿ ಕರಗಿಸಿದರೆ ಬ್ಲೂಬ್ಲ್ಯಾಕ್ ಆಗುತ್ತಿತ್ತು. ನೀರಲ್ಲಿ ಕರಗಿ ಹುಟ್ಟಿದ್ದು ನೀರಲ್ಲೇ ಕರಗಿ ಹೋದರೆ ಆಶ್ಚರ್ಯವೇನೂ ಇರಲಿಲ್ಲ. ಇದನ್ನು ಮೊದಲೇ ಯೋಚಿಸಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಬೇಸರವಾಯಿತು.

ಹಾನಗಲ್ಲಿನ ಅಂಗಡಿಗಳಲ್ಲಿ ಎರಡು ಜಾತಿಯ ಬ್ಲೂಬ್ಲ್ಯಾಕ್ ಸಿಕ್ಕವು. ಒಂದರ ಚೀಟಿಯ ಮೇಲೆ ದೀಪದ ಚಿತ್ರ, ಇನ್ನೊಂದರ ಮೇಲೆ ನವಿಲು. ಮೂರನೆಯದನ್ನು ಹುಡುಕಿ ಹಿರೇಕೆರೂರಿಗೆ ಹೋದಳು. ಅಲ್ಲಿ ಮಜೀದ ಎಂಬ ಮುದುಕ ರಟ್ಟು ಕಟ್ಟುವ ಅಂಗಡಿ ಇಟ್ಟಿದ್ದ. ಕಾಗದ, ಅಂಟು, ನೂಲಿನ ನಡುವೆ ಶಾಯಿಯನ್ನೂ ಮಾರುತ್ತಿದ್ದ. ಅವಳು ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಮೇಲಿನ ಹಲಗೆಯಿಂದ ಧೂಳು ಹಿಡಿದ ಚೌಕ ಸೀಸೆಯೊಂದನ್ನು ಇಳಿಸಿದ. ಅದರ ಮೇಲೆ ಚಿತ್ರವೇ ಇರಲಿಲ್ಲ.

"ಇದನ್ನ ಈಗ ಯಾರೂ ಒಯ್ಯಂಗಿಲ್ರಿ. ವಯಸ್ಸಾದ ವಕೀಲರು ಒಬ್ರೋ ಇಬ್ರೋ ಕೇಳತಾರ. ಇವತ್ತ ಬರದ್ರ ನೀಲಿ ಕಾಣತೈತಿ, ನಾಳೆ ನೋಡ್ರಿ, ಕಪ್ಪಗ ಆಗಿರತೈತಿ. ಕಬ್ಬಿಣದ ಅಂಶ ಐತಿ ಇದರಾಗ. ಕಾಗದದ ಒಳಗ ಇಳದು ಕುಂಡರತೈತಿ."

"ಹಂಗಾರ ಯಾಕ ಯಾರೂ ಒಯ್ಯೂದಿಲ್ಲ?"

"ನಿಬ್ಬಿಗೆ ತ್ರಾಸ ಕೊಡತೈತ್ರಿ. ಎಂಟು ದಿನ ಬರೀಲಿಲ್ಲಂದ್ರ ಒಳಗ ಗಟ್ಟಿ ಹಿಡಿತೈತಿ. ಈಗಿನ ಮಂದಿಗೆ ಪೆನ್ನು ತೊಳಿಯಾಕ ಪುರಸೊತ್ತು ಎಲ್ಲೈತಿ?"

ಸುಮನ್ ಮೊದಲು ಪ್ರತಿಯೊಂದನ್ನೂ ಒಂದೊಂದು ವಾರ ತನ್ನ ಪೆನ್ನಿನಲ್ಲಿ ತುಂಬಿ, ದಿನದ ಕೆಲಸವನ್ನೆಲ್ಲ ಅದರಲ್ಲೇ ಮಾಡಿ ನೋಡಿದಳು. ಬರೆಯುವ ಸುಖದಲ್ಲಿ ದೀಪದ ಶಾಯಿಗೆ ಸರಿಸಮ ಯಾವುದೂ ಇರಲಿಲ್ಲ. ಎಣ್ಣೆ ಸವರಿದಂತೆ ನಿಬ್ಬು ಜಾರುತ್ತಿತ್ತು, ರಜಿಸ್ಟರಿನ ಒರಟು ಹಾಳೆಯ ಮೇಲೂ ಗೆರೆ ಒಡೆಯುತ್ತಿರಲಿಲ್ಲ. ಬಣ್ಣ ಸಂಜೆಯ ಮೋಡದಂತೆ ಗಂಭೀರ. ಒಣಗಲು ಮಾತ್ರ ಹೊತ್ತು ಹಿಡಿಯುತ್ತಿತ್ತು. ಅಂಗೈ ತಾಗಿದರೆ ಇಡೀ ಸಾಲು ಬಳಿದುಕೊಂಡು ಹೋಗುತ್ತಿತ್ತು. ನವಿಲಿನ ಶಾಯಿ ಬೇಗ ಒಣಗುತ್ತಿತ್ತು, ಆದರೆ ಅಗ್ಗದ ಕಾಗದದ ಮೇಲೆ ಪ್ರತಿ ಅಕ್ಷರಕ್ಕೂ ಬೇರು ಒಡೆದಂತೆ ಹರಡುತ್ತಿತ್ತು, ಹಿಂಬದಿಗೂ ಇಳಿಯುತ್ತಿತ್ತು. ಮಾತ್ರೆ ಶಾಯಿ ಒಂದು ದಿನ ಗಟ್ಟಿ, ಒಂದು ದಿನ ತೆಳು. ಚೌಕ ಸೀಸೆಯದು ಮೊದಮೊದಲು ಅವಳ ತಾಳ್ಮೆ ಪರೀಕ್ಷಿಸಿತು. ನಿಬ್ಬು ಕಾಗದ ಕೆರೆದಂತಾಗುತ್ತಿತ್ತು. ಮಾರ್ಚಿನ ಬಿಸಿಲಲ್ಲಿ ಮುಚ್ಚಳ ತೆರೆದು ಎರಡು ನಿಮಿಷ ರೋಗಿಯ ಜೊತೆ ಮಾತಾಡಿದರೆ ಸಾಕು, ನಿಬ್ಬು ಒಣಗಿ ಮುಷ್ಕರ ಹೂಡುತ್ತಿತ್ತು. ಆದರೆ ಬರೆದದ್ದು ಒಡೆಯುತ್ತಿರಲಿಲ್ಲ, ಹಿಂಬದಿಗೆ ಇಳಿಯುತ್ತಿರಲಿಲ್ಲ. ಮರುದಿನ ಪುಟ ತೆರೆದರೆ ಅಕ್ಷರ ಅಚ್ಚು ಹಾಕಿದಷ್ಟು ಕಪ್ಪಗೆ ಕೂತಿರುತ್ತಿತ್ತು.

ಬಾಲ್‌ಪೆನ್ನಿನಲ್ಲಿ ಬರೆದರಾಯಿತು ಎಂದು ಕೆಲವರು ಹೇಳಿದರು. ಅದನ್ನೂ ನೋಡಿದಳು. ನೀರಿಗೆ ಅದು ಹೋಗಲಿಲ್ಲ, ನಿಜ. ಆದರೆ ಇಂಜೆಕ್ಷನ್ ಕೊಡುವಾಗ ಕೈಗೆ ಹತ್ತಿದ ಸ್ಪಿರಿಟ್ ತಾಗಿದರೆ ನೇರಳೆ ಹೊಂಡವಾಗುತ್ತಿತ್ತು. ತಲೆಗೆಣ್ಣೆ ತಾಗಿದರೂ ಅದೇ ಗತಿ. ಬಾಣಂತಿಯ ಮನೆಯಲ್ಲಿ ಎಣ್ಣೆ ತಾಗದ ವಸ್ತು ಯಾವುದಿದೆ?

ಮೇಜಿನ ಮೇಲಿನ ಪರೀಕ್ಷೆಯಿಂದ ಇಷ್ಟು ತಿಳಿಯಿತು. ಆದರೆ ಕಾರ್ಡು ಬಾಳುವುದು ಮೇಜಿನ ಮೇಲಲ್ಲ. ಆದ್ದರಿಂದ ಜೂನ್ ಮೊದಲ ಗುರುವಾರ, ಮುಂಗಾರಿನ ಮಿರಗದ ಮಳೆಗೆ ಮುಂಚೆ, ಅಚ್ಚು ತಪ್ಪಿ ಮೂಲೆಗೆ ಬಿದ್ದಿದ್ದ ಕಾರ್ಡುಗಳನ್ನು ಹೊರತೆಗೆದು ಅವಳು ಹನ್ನೆರಡು ಹೆಂಗಸರನ್ನು ಕೂರಿಸಿಕೊಂಡಳು.

"ಒಬ್ಬೊಬ್ಬರು ಒಂದೊಂದು ಮಾತು ಹೇಳ್ರಿ. ನಿಮಗ ಬೇಕಾದ್ದು. ಅದನ್ನ ನಾಲ್ಕು ಶಾಯಿಯೊಳಗ ನಾಲ್ಕು ಸಲ ಬರದು ಕೊಡ್ತೇನಿ. ನಿಮ್ಮ ಹತ್ರ ಇಟಗೋರಿ. ದಸರಾ ಆದಮ್ಯಾಲೆ ತಂದು ಕೊಡ್ರಿ."

"ಎಲ್ಲಿ ಇಡಬೇಕ್ರಿ?" ಎಂದಳು ಬಳೆ ಮಾರುವ ಹಾಜರಾಬಿ.

"ದಿನಾ ಎಲ್ಲಿ ಇಡ್ತೀರಿ ಅಲ್ಲೇ. ಒಂದ ಮಾತು, ಜ್ವಾಕಿ ಮಾತ್ರ ಮಾಡಬ್ಯಾಡ್ರಿ."

ದುರಗವ್ವ ಎಲೆ ಜಗಿಯುವುದನ್ನು ನಿಲ್ಲಿಸಿ ನಕ್ಕಳು. "ಸರಕಾರದ ಮಂದಿ ಜ್ವಾಕಿ ಮಾಡಬ್ಯಾಡ್ರಿ ಅಂದದ್ದು ಇದ ಮೊದಲನೇ ಸಲ ನೋಡ್ರಿ."

ತನ್ನ ಮಾತನ್ನು ಕಾಗದಕ್ಕೆ ಹಾಕಿಸುವುದು ಅವರಲ್ಲಿ ಬಹುಮಂದಿಗೆ ಹೊಸ ಅನುಭವ. ಮೊದಲು ನಾಚಿಕೊಂಡರು, ಆಮೇಲೆ ನಾ ಮುಂದೆ ತಾ ಮುಂದೆ ಎಂದು ಹೇಳತೊಡಗಿದರು. ದುರಗವ್ವ, "ದುರಗವ್ವ ಮುನ್ನೂರಾ ಹತ್ತು ಕೂಸಿನ ಹೊಕ್ಕಳ ಕೊಯ್ದಾಳ ಅಂತ ಬರೀರಿ" ಎಂದಳು. ಹಾಜರಾಬಿ, "ಹಾಜರಾಬಿ ಇಟ್ಟ ಬಳಿ ಒಡಿಯಂಗಿಲ್ಲ" ಎಂದಳು. ಒಬ್ಬಳು ಸತ್ತ ಎಮ್ಮೆಯ ಹೆಸರು ಬರೆಸಿದಳು. ಇನ್ನೊಬ್ಬಳು ತನ್ನ ಅತ್ತೆಯ ಬಗ್ಗೆ ಹೇಳಿದ ಮಾತನ್ನು ಸುಮನ್ ನಗುತ್ತಲೇ ಬರೆದಳು, ಆ ಅತ್ತೆಗೂ ಓದಲು ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು.

ಶಾಲೆಯ ಮುಖ ನೋಡದ ಅನ್ನವ್ವ ಕೊನೆಗೆ ಉಳಿದಳು. ತೊಡೆಯ ಮೇಲಿನ ಮಗಳನ್ನು ನೋಡಿ, ಬಹಳ ಮೆಲ್ಲಗೆ, "ನನ್ನ ಮಗಳು ಸಾಲಿಗೆ ಹೋಗತಾಳ ಅಂತ ಬರೀರಿ" ಎಂದಳು.

ಆ ವರ್ಷ ಮಳೆ ಸರಿಯಾಗಿ ಆಯಿತು. ನಾಟಿ, ಕಳೆ, ಮತ್ತೆ ಕಳೆ. ಸುಮನ್ ಹಳ್ಳಿ ಸುತ್ತುವಾಗ ಯಾರಾದರೂ ಕಾರ್ಡು ತೋರಿಸಲು ಬಂದರೆ, "ಈಗ ಬ್ಯಾಡ, ಈಗ ಬ್ಯಾಡ" ಎಂದು ಮುಖ ತಿರುಗಿಸಿಕೊಂಡು ಸೈಕಲ್ ತುಳಿಯುತ್ತಿದ್ದಳು.

ದಸರೆಯ ನಂತರದ ಗುರುವಾರ ಹನ್ನೊಂದು ಕಾರ್ಡು ಬಂದವು. ಒಂದನ್ನು ಇಲಿ ತಿಂದಿತ್ತು. ಅವಳು ಮೇಜನ್ನು ಹೊರಗೆ ಎಳೆಸಿ ಅಂಗಳದ ಬಿಸಿಲಲ್ಲಿ ಎಲ್ಲವನ್ನೂ ಸಾಲಾಗಿ ಇಟ್ಟಳು. ಹೆಂಗಸರು ಸುತ್ತ ನೆರೆದರು. ಓದಲು ಬಾರದಿದ್ದರೂ ತಮ್ಮ ತಮ್ಮ ಕಾರ್ಡಿನಲ್ಲಿ ಏನಿದೆ ಎಂಬುದು ಎಲ್ಲರಿಗೂ ಬಾಯಿಪಾಠ.

ಹಂಚಿನ ಸಂದಿಯಲ್ಲಿ ಇಟ್ಟ ಕಾರ್ಡಿನಲ್ಲಿ ಹೊಗೆಯ ಕಲೆ, ಸೋರಿದ ನೀರಿನ ಗುರುತು. ಮಾತ್ರೆ ಶಾಯಿ, ನವಿಲಿನ ಶಾಯಿ ಹೋಗಿದ್ದವು, ದೀಪದ್ದು ಅಲ್ಲೊಂದು ಇಲ್ಲೊಂದು ಅಕ್ಷರ ಉಳಿದಿತ್ತು, ಚೌಕ ಸೀಸೆಯ ಶಾಯಿಯ ನಾಲ್ಕನೆಯ ಸಾಲು ಪೂರ್ತಿ. ಅಕ್ಕಿ ಗಡಿಗೆಯಲ್ಲಿ ಇಟ್ಟದ್ದರಲ್ಲಿ ನಾಲ್ಕೂ ಚೆನ್ನಾಗಿದ್ದವು. ಹಿತ್ತಲ ಬಾಗಿಲ ಮೇಲೆ ಬಿಸಿಲು ಬೀಳುವಲ್ಲಿ ಸಿಕ್ಕಿಸಿದ್ದರಲ್ಲಿ ಮೊದಲ ಮೂರು ಸಾಲು ತೊಳೆಯದೆಯೂ ಬೆಳ್ಳಗಾಗಿದ್ದವು. ದುರಗವ್ವನ ಕಾರ್ಡು ಎಲೆಸಂಚಿಯಲ್ಲಿತ್ತು. ಸುಣ್ಣ, ಅಡಿಕೆ ಚೂರು, ಕೆಂಪು ಉಗುಳು ಎಲ್ಲ ಮೆತ್ತಿದ್ದರೂ ನಾಲ್ಕನೆಯ ಸಾಲು ಕಂದು ಬಣ್ಣಕ್ಕೆ ತಿರುಗಿ ನಿಂತಿತ್ತು.

"ಓದ್ರಿ, ಓದ್ರಿ," ಎಂದು ಅವಸರ ಮಾಡಿದಳು ದುರಗವ್ವ.

ಸುಮನ್ ಓದಿದಳು. "ಇವತ್ತಿಗೆ ಮುನ್ನೂರಾ ಹದಿನಾಕ ಆಗ್ಯಾವು," ಎಂದು ಮುದುಕಿ ಸುತ್ತಲೂ ನೋಡಿದಳು.

ಹಾಜರಾಬಿಯ ಕಾರ್ಡು ಮಾತ್ರ ಸುಮನ್‌ಳನ್ನು ತಬ್ಬಿಬ್ಬು ಮಾಡಿತು. ಅದರಲ್ಲಿ ಯಾವ ಸಾಲೂ ಇರಲಿಲ್ಲ. ನಾಲ್ಕನೆಯದು ಇದ್ದ ಜಾಗದಲ್ಲಿ ಹಳದಿ ನೆರಳಿನಂತಹ ಏನೋ ಒಂದು.

"ಎಲ್ಲಿ ಇಟ್ಟಿದ್ದಿ ಹಾಜರಾಬಿ?"

"ಹುಣಸಿಹಣ್ಣಿನ ಗಡಿಗ್ಯಾಗರೀ. ಅಲ್ಲಿ ಯಾರೂ ಕೈ ಹಾಕಂಗಿಲ್ಲ ಅಂತ."

ಹುಳಿಯ ಎದುರು ಕಬ್ಬಿಣವೂ ಸೋತಿತ್ತು. ಸುಮನ್ ಅದನ್ನು ತನ್ನ ವಹಿಯಲ್ಲಿ ಬರೆದುಕೊಂಡಳು. ಯಾವ ಶಾಯಿಗೂ ಒಂದು ಸೋಲು ಇರುತ್ತದೆ, ಅದು ಯಾವುದೆಂದು ತಿಳಿದಿದ್ದರೆ ಸಾಕು. ಹುಣಸೆಹಣ್ಣಿನಲ್ಲಿ ಇಡಬೇಡಿ ಎಂದು ಹೇಳುವುದು ಕಷ್ಟವಲ್ಲ.

ಅನ್ನವ್ವ ತನ್ನದನ್ನು ಎಲ್ಲರಿಗಿಂತ ಕೊನೆಗೆ ಕೊಟ್ಟಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ಅವಳ ಸೊಂಟದಲ್ಲೇ ಇತ್ತು. ನಾಟಿಗೆ ಇಳಿದಿತ್ತು, ಕಳೆಗೆ ಇಳಿದಿತ್ತು, ಎರಡು ಸಲ ಸೀರೆಯ ಜೊತೆ ಹಳ್ಳದ ಬಂಡೆಯ ಮೇಲೆ ಕುಕ್ಕಿಸಿಕೊಂಡಿತ್ತು. ಮಡಿಕೆಯ ಗುಂಟ ಹರಿದು ಎರಡು ತುಂಡಾಗಿತ್ತು. ಸುಮನ್ ಎರಡನ್ನೂ ಜೋಡಿಸಿದಳು. ಮೊದಲ ಮೂರು ಸಾಲಿನ ಜಾಗ ಖಾಲಿ. ನಾಲ್ಕನೆಯದರ ನೀಲಿ ಪೂರ್ತಿ ತೊಳೆದು ಹೋಗಿ, ಒಳಗಿನ ಕಪ್ಪು ಮಾತ್ರ ಉಳಿದಿತ್ತು.

"ನನ್ನ ಮಗಳು ಸಾಲಿಗೆ ಹೋಗತಾಳ," ಎಂದು ಸುಮನ್ ಓದಿದಳು.

ಅನ್ನವ್ವ ಬಾಗಿ, ಆ ಸಾಲಿನ ಮೇಲೆ ಬೆರಳು ಆಡಿಸಿದಳು. ಒದ್ದೆ ಬೆರಳೇ. ಸಾಲು ಕದಲಲಿಲ್ಲ.

ಮರುವಾರ ಸುಮನ್ ಹನ್ನೊಂದು ಕಾರ್ಡುಗಳನ್ನೂ ಕಟ್ಟಿಕೊಂಡು ಮೇಲಿನ ಕಚೇರಿಗೆ ಹೋದಳು. ಶಾಯಿ, ಕಾಗದ ಹಂಚುವುದು ಹೆಡ್ ಕ್ಲಾರ್ಕ್ ಮಹಾಲಿಂಗಪ್ಪನವರ ಕೈಯಲ್ಲಿತ್ತು. ಐವತ್ತು ದಾಟಿದವರು. ಮಾತ್ರೆ ಶಾಯಿಯನ್ನು ಊರಿಗೆಲ್ಲ ಹಂಚುತ್ತಿದ್ದರೂ ತಾವು ಅದನ್ನು ಮುಟ್ಟುತ್ತಿರಲಿಲ್ಲ. ಅವರ ಮೇಜಿನ ಮೇಲೆ ಸ್ವಂತದ್ದೊಂದು ದೀಪದ ಸೀಸೆ ಇರುತ್ತಿತ್ತು. ಅವರ ಸಹಿ ಆ ಕಚೇರಿಯಲ್ಲಿ ಪ್ರಸಿದ್ಧ, ಬಳ್ಳಿ ಬಳುಕಿದಂತೆ.

ಅವರು ಕಾರ್ಡುಗಳನ್ನು ಒಂದೊಂದಾಗಿ ನೋಡಿ ಕೆಳಗಿಟ್ಟರು. "ಸಿಸ್ಟರ್, ನೀವು ಮಾಡಿದ್ದು ಛಲೋ ಕೆಲಸ. ಮಾತ್ರಿ ಶಾಯಿ ಹೋಗೂದು ನನಗೂ ಗೊತ್ತೈತಿ. ಆದರ ದೀಪದ್ದು ಹೋಗತೈತಿ ಅಂದ್ರ ನಂಬಾಕ ಆಗವಲ್ತು. ಇಪ್ಪತ್ತೆರಡು ವರ್ಷದಿಂದ ಅದರಾಗ ಬರಿಯಾಕತ್ತೇನಿ."

"ಛಲೋ ಶಾಯಿನ ಅದು ಸಾಹೇಬ್ರ. ಕೈಗೆ ಅಷ್ಟು ಸುಖ ಯಾವುದೂ ಕೊಡೂದಿಲ್ಲ. ಅಪ್ಪಗ ಪತ್ರ ಬರಿಯೂದು ನಾನೂ ಅದರಾಗನ. ಪತ್ರ ಒಂದ್ ಸಲ ಓದಿದ್ರ ಮುಗೀತು. ಕಾರ್ಡಿನ ಕೆಲಸ ಬ್ಯಾರೆ. ನಿಮ್ಮ ರಜಿಸ್ಟರಿಂದೂ ಬ್ಯಾರೆ." ಆಮೇಲೆ ಅವರ ಮುಂದಿದ್ದ ನೀರಿನ ಗ್ಲಾಸನ್ನು ತೋರಿಸಿ, "ಒಂದು ಸಹಿ ಮಾಡ್ರಿ. ಒಣಗಲಿ. ನೀವ ಅದ್ದಿ ನೋಡ್ರಿ" ಎಂದಳು.

ಮಹಾಲಿಂಗಪ್ಪನವರು ಒಂದು ಚೀಟಿಯ ಮೇಲೆ ಸಹಿ ಹಾಕಿದರು, ತಮ್ಮ ಅತ್ಯುತ್ತಮ ಸಹಿಯನ್ನೇ. ಅದು ಒಣಗುವವರೆಗೆ ಇಬ್ಬರೂ ಚಹಾ ಕುಡಿದರು. ಆಮೇಲೆ ಅವರು ಚೀಟಿಯನ್ನು ಗ್ಲಾಸಿಗೆ ಬಿಟ್ಟು ಕೈಕಟ್ಟಿ ಕೂತರು. ಬಳ್ಳಿಯ ತುದಿಯಿಂದ ಒಂದು ನೀಲಿ ಎಳೆ ನೀರಿಗೆ ಇಳಿಯಿತು. ಇನ್ನೊಂದು ಇಳಿಯಿತು. ಸ್ವಲ್ಪ ಹೊತ್ತಿಗೆ ಗ್ಲಾಸು ನೀಲಿಯಾಗಿ ಚೀಟಿ ಖಾಲಿಯಾಗಿತ್ತು.

ಅವರು ಎದ್ದು ಒಳಗಿನ ಕೋಣೆಗೆ ಹೋದರು. ಎರಡು ಮಳೆಗಾಲದ ಹಿಂದೆ ಆ ಕೋಣೆ ಸೋರಿ ಹಳೆಯ ದಫ್ತರು ಒದ್ದೆಯಾಗಿತ್ತು. ಒಣಗಿಸಿ ಕಟ್ಟಿಟ್ಟ ಗಂಟುಗಳನ್ನು ಆಮೇಲೆ ಯಾರೂ ಬಿಚ್ಚಿರಲಿಲ್ಲ. ಅವರು ಬಿಚ್ಚಿದರು. ತಮಗಿಂತ ಹಿಂದಿನ ಕ್ಲಾರ್ಕು ಬರೆದ ವಹಿಯ ಪುಟಗಳು ಸೆಟೆದು ಹಪ್ಪಳವಾಗಿದ್ದವು, ಬರಹ ಮಾತ್ರ ಕಪ್ಪಗೆ ನಿಂತಿತ್ತು. ಕೆಳಗಿನ ಗಂಟಿನಲ್ಲಿ ತಮ್ಮ ಕೈಬರಹದ ವಹಿ. ಅದರಲ್ಲಿ ಪುಟದ ಮೇಲೆ ಪುಟ ನೀಲಿ ಮಬ್ಬು.

ಗಂಟನ್ನು ಮತ್ತೆ ಮೊದಲಿನಂತೆ ಕಟ್ಟಿಟ್ಟರು. ಹೊರಗೆ ಬಂದಾಗ ದನಿ ಬದಲಾಗಿತ್ತು.

"ಆ ಹಿರೇಕೆರೂರಿನವ ಎಷ್ಟು ಬಾಟ್ಲಿ ತರಿಸಿ ಕೊಟ್ಟಾನು?"

"ಕೇಳಿ ಬಂದೇನ್ರಿ. ಮೊದಲ ತಿಳಿಸಿದ್ರ ಎಷ್ಟು ಬೇಕಾದರೂ ತರಸ್ತಾನಂತ."

"ಕುಂಡ್ರಿ. ಡಾಕ್ಟರ ಸಹಿಗೆ ಒಂದು ಕಾಗದ ತಯಾರ ಮಾಡೂಣು. ನೀವು ಹೇಳ್ರಿ, ನಾ ಬರೀತೇನಿ."

ಕಾಗದ ಸಣ್ಣದಿತ್ತು. ತಾಯಂದಿರ ಕಾರ್ಡುಗಳನ್ನು ನೀರಿಗೆ ಹೋಗದ ಶಾಯಿಯಲ್ಲೇ ಬರೆಯಬೇಕು, ಬರೆದ ಮರುದಿನ ಒಂದು ಕಾರ್ಡನ್ನು ನೀರಲ್ಲಿ ಅದ್ದಿ ಖಾತ್ರಿ ಮಾಡಿಕೊಳ್ಳಬೇಕು ಎಂದಷ್ಟೇ. ಡಾಕ್ಟರು ಎರಡು ಸಲ ಓದಿ ಸಹಿ ಹಾಕಿದರು. ಹಾನಗಲ್ಲ ಕಡೆಯ ನರ್ಸುಗಳಿಗೆಲ್ಲ ಚೌಕ ಸೀಸೆ ಹೋಯಿತು. ಪಕ್ಕದ ತಾಲೂಕುಗಳಿಗೆ ಕಾಗದದ ನಕಲು ಮಾತ್ರ ಹೋಯಿತು. ಅಲ್ಲಿ ಯಾರಾದರೂ ಓದಿದರೋ ಇಲ್ಲವೋ, ಗೊತ್ತಾಗಲಿಲ್ಲ.

೧೯೮೧ರಲ್ಲಿ ಅನ್ನವ್ವ ಮತ್ತೆ ಬಸುರಿಯಾದಳು. ಸುಮನ್ ಮೊದಲ ತಿಂಗಳುಗಳಿಂದಲೇ ಅವಳನ್ನು ಬಿಡಲಿಲ್ಲ. ಕಬ್ಬಿಣದ ಮಾತ್ರೆ ಎದುರಿಗೇ ನುಂಗಿಸುತ್ತಿದ್ದಳು, ಸೊಪ್ಪು ತಿನ್ನಿಸಲು ಹೊಳಬಸಪ್ಪನನ್ನು ಕರೆಸಿ ಹೇಳಿದಳು. ಹೆರಿಗೆಗೆ ತಡಸಕ್ಕೆ ಹೋಗಬೇಡ ಎನ್ನಲು ಮನಸ್ಸಾಗಲಿಲ್ಲ. ಅವಳಿಗೆ ತಾಯಿ ಇದ್ದದ್ದು ಅಲ್ಲಿ. ವಿಶೇಷ ಸೂಚನೆಯ ನಾಲ್ಕು ಗೆರೆಗಳಲ್ಲಿ ಹೀಗೆ ಬರೆದಳು: ಮೊದಲ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಮನೆಯಲ್ಲಿ ಬೇಡ. ನೋವು ಶುರುವಾಗುವ ಮೊದಲೇ ಹುಬ್ಬಳ್ಳಿಗೆ ಒಯ್ಯಿರಿ. ರಕ್ತದ ಗುಂಪು ಇಂಥದ್ದು.

ಆಗಸ್ಟಿನಲ್ಲಿ ಅನ್ನವ್ವ ಹೋದಳು. ಸೆಪ್ಟೆಂಬರ್ ಪೂರ್ತಿ ಸುದ್ದಿಯಿಲ್ಲ. ಗುರುವಾರಗಳಲ್ಲಿ ಹೊಳಬಸಪ್ಪ ಬಾಗಿಲಿಗೆ ಬಂದು, "ಏನರ ತಿಳೀತೇನ್ರಿ ಬಾಯಾರ?" ಎಂದು ಕೇಳುತ್ತಿದ್ದ, ಅವನ ಹೆಂಡತಿಯ ಸುದ್ದಿ ಅವನಿಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ ಎಂಬಂತೆ. "ಕಾರ್ಡು ಆಕಿ ಜೋಡಿ ಅದ," ಎಂದು ಸುಮನ್ ಹೇಳುತ್ತಿದ್ದಳು. ಆ ನಂಬಿಕೆ ಅವಳಿಗೆ ನಿಜವಾಗಿಯೂ ಇತ್ತು.

ಡಿಸೆಂಬರಿನಲ್ಲಿ ಅನ್ನವ್ವ ಬಂದಳು. ಬಗಲಲ್ಲಿ ಗಂಡುಕೂಸು, ಕೈ ಹಿಡಿದು ಮೂರು ವರ್ಷದ ಮಗಳು. ಮುಖದಲ್ಲಿ ಬಣ್ಣವಿತ್ತು.

"ಬಸ್ಸಿನ್ಯಾಗಿಂದ ಇಳಿಯೂದ್ರಾಗ ಪೂರಾ ತೊಯ್ದಿತ್ರಿ ಕಾರ್ಡು," ಎಂದು ಹೇಳಿದಳು. "ಮನ್ಯಾಗ ಒಲಿ ಮುಂದ ಒಣಗಿಸಿದ್ವಿ. ಮರುದಿನ ನರ್ಸಬಾಯಾರು ಬಂದ್ರು, ಮೊದಲಿನವರ. ಕೈಯಾಗ ತಗೊಂಡು ಓದಿದ್ರು, ಮತ್ತೊಮ್ಮೆ ಓದಿದ್ರು. ಅವತ್ತಿನಿಂದ ನಮ್ಮವ್ವನ ಬೆನ್ನ ಹತ್ತಿದ್ರು ನೋಡ್ರಿ. ಎಂಟು ದಿನ ಮೊದಲ ಹುಬ್ಬಳ್ಯಾಗ ಮಲಗಿಸಿದ್ರು. ರಕ್ತ ಎರಡು ಬಾಟ್ಲಿ ಮೊದಲ ತಂದಿಟ್ಟಿದ್ರು. ಒಂದ ಬಾಟ್ಲಿ ಸಾಕಾತು."

ಸುಮನ್ ಕಾರ್ಡು ತೆರೆದಳು. ಅವಳ ನಾಲ್ಕು ಸಾಲೂ ಇದ್ದವು. ಅವುಗಳ ಕೆಳಗೆ ತಡಸದ ನರ್ಸು ಏನೋ ಬರೆದಿದ್ದರು. ಅದು ಮತ್ತೊಂದು ಮಳೆಗೆ ಸಿಕ್ಕು ನೀಲಿ ಕಲೆಯಾಗಿತ್ತು. ಕೂಸಿನ ತೂಕ, ಕೊಟ್ಟ ಇಂಜೆಕ್ಷನ್, ತಾರೀಖು, ಯಾವುದೂ ಓದಲು ಬರಲಿಲ್ಲ.

ಅಂದೇ ಅವಳು ತಡಸದ ನರ್ಸಿಗೆ ಪತ್ರ ಬರೆದು, ಹೋಗುವವರ ಕೈಯಲ್ಲಿ ಒಂದು ಚೌಕ ಸೀಸೆ ಕಳಿಸಿದಳು. ಹದಿನೈದು ದಿನಕ್ಕೆ ಉತ್ತರ ಬಂತು. ಆ ನರ್ಸಿನ ಹೆಸರು ಸರೋಜವ್ವ.

"ಮೂರು ವರ್ಷದ ಹಿಂದೆ ಅದೇ ಹುಡುಗಿಯ ಖಾಲಿ ಕಾರ್ಡು ನನ್ನ ಕೈಯಲ್ಲಿತ್ತು," ಎಂದು ಬರೆದಿದ್ದಳು. "ಆ ದಿನ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ. ಈ ಸಲ ಕಾರ್ಡನ್ನು ಎರಡು ಸಲ ಓದಿದೆ. ನಿಮ್ಮ ಶಾಯಿಯ ಕಾಗದ ನಮ್ಮ ಕಡೆ ಬಂದೇ ಇಲ್ಲ, ಅಥವಾ ಬಂದು ಎಲ್ಲೋ ಕೂತಿದೆ. ಸೀಸೆ ತಲುಪಿತು. ನಿಮ್ಮ ಶಾಯಿ ಬಹಳ ಗಟ್ಟಿ, ಆದರೆ ನನ್ನ ನಿಬ್ಬನ್ನು ತಿಂದುಹಾಕಿತು. ಏನು ಮಾಡಲಿ?"

ಸುಮನ್ ಉದ್ದವಾದ ಉತ್ತರ ಬರೆದಳು. ಪ್ರತಿ ರವಿವಾರ ಉಗುರುಬೆಚ್ಚಗಿನ ನೀರಲ್ಲಿ ಪೆನ್ನು ತೊಳೆಯಬೇಕು, ನೀರು ತಿಳಿಯಾಗುವವರೆಗೆ. ಬೇರೆ ಶಾಯಿಯ ಜೊತೆ ಬೆರೆಸಬಾರದು, ಬೆರೆತರೆ ಕೆಸರು ಕಟ್ಟುತ್ತದೆ. ಅಗ್ಗದ ಉಕ್ಕಿನ ನಿಬ್ಬು ತುಕ್ಕು ಹಿಡಿಯುತ್ತದೆ, ಮಜೀದನ ಅಂಗಡಿಯಲ್ಲಿ ಹಳದಿ ನಿಬ್ಬು ಕೇಳಬೇಕು. ಬೇರೆ ಬರವಣಿಗೆಗೆ ಬೇಕಾದರೆ ಇನ್ನೊಂದು ಪೆನ್ನು ಇಟ್ಟುಕೊಳ್ಳಬಹುದು, ಕಾರ್ಡಿನ ಪೆನ್ನು ಕಾರ್ಡಿಗೇ ಇರಲಿ.

ಅವರಿಬ್ಬರೂ ಮೊದಲ ಸಲ ಮುಖ ನೋಡಿದ್ದು ಮುಂದಿನ ಏಪ್ರಿಲ್‌ನಲ್ಲಿ, ಶಿಗ್ಗಾವಿಯಲ್ಲಿ ನಡೆದ ತರಬೇತಿಯಲ್ಲಿ. ಸರೋಜವ್ವ ಎತ್ತರದ ಹೆಂಗಸು, ಮಾತು ಜೋರು. ಊಟದ ಬಿಡುವಿನಲ್ಲಿ ಹುಡುಕಿಕೊಂಡು ಬಂದು, ಪರಿಚಯ ಹೇಳುವ ಮೊದಲೇ ಚೀಲದಿಂದ ಒಂದು ಹೊಸ ಸೀಸೆ ತೆಗೆದು ಮೇಜಿನ ಮೇಲಿಟ್ಟಳು.

"ಹುಬ್ಬಳ್ಯಾಗ ಸಿಕ್ತರಿ. ಇದೂ ಬ್ಲೂಬ್ಲ್ಯಾಕ್. ನೀರಿಗೂ ಹೋಗಂಗಿಲ್ಲ, ನಿಬ್ಬೂ ಕಟ್ಟಂಗಿಲ್ಲ ಅಂತ ಅಂಗಡಿಯಾವ ಆಣಿ ಮಾಡಿ ಹೇಳ್ಯಾನ."

ಸುಮನ್ ಮುಚ್ಚಳ ತಿರುಗಿಸಿ ಮೂಸಿ ನೋಡಿದಳು. ನಿಬ್ಬಿನ ತುದಿ ಅದ್ದಿ ತರಬೇತಿಯ ಹಾಳೆಯ ಹಿಂದೆ ಸರೋಜವ್ವನ ಹೆಸರು ಬರೆದಳು. ಓರೆ ಹಿಡಿದು ನೋಡಿದಳು.

"ಜಾರೂದು ಛಲೋ ಅದ. ನೀರಿಗೆ ಉಳೀತದೋ ಇಲ್ಲೋ ಇವತ್ತ ಹೇಳ್ಲಿಕ್ಕೆ ಬರೂದಿಲ್ಲ. ನಿಮ್ಮೂರಾಗ ಎಷ್ಟು ಮಂದಿ ಹೆಣ್ಣಮಕ್ಕಳು ಸಿಗ್ತಾರ?"

"ಇಪ್ಪತ್ತು ಮಂದಿ ತಯಾರ ಅದಾರ್ರಿ. ಏನ ಬರಸಬೇಕು ಅನ್ನೂದನ್ನೂ ಈಗ ಮಾತಾಡಿಕೊಂಡಾರ."

ಸರೋಜವ್ವ ಖಾಲಿ ಔಷಧದ ಸೀಸೆಯೊಂದನ್ನು ತಂದಿದ್ದಳು. ಸುಮನ್ ಅದನ್ನು ಹಿಡಿದುಕೊಂಡಳು, ಸರೋಜವ್ವ ತಿಳವಳ್ಳಿಯ ಪರೀಕ್ಷೆಗೆಂದು ಅರ್ಧ ಶಾಯಿಯನ್ನು ಒಂದು ಹನಿಯೂ ಚೆಲ್ಲದಂತೆ ಅದಕ್ಕೆ ಸುರಿದಳು. ಆಮೇಲೆ ಇಬ್ಬರೂ ಬೆರಳು ಒರೆಸಿಕೊಂಡು ಊಟಕ್ಕೆ ಎದ್ದರು.